ಚಿಕ್ಕತಾಯಮ್ಮನ ಮಡಿಲಕ್ಕಿ

ದೆವ್ವ, ಭೂತ, ಶಕುನ ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಕಾದಂಬರಿಕಾರರು ವೇದಿಕೆ ಹತ್ತಿ, ಪಾತ್ರಗಳೇ ಬಂದು ನನ್ನ ಕೈಯಲ್ಲಿ ಬರೆಸಿದವು ಎಂದಾಗ ನನಗೆ ನಗು ಬರುತ್ತಿತ್ತು. ಸೊಂಟ ಹಿಡಿಯುವಷ್ಟು ಹೊತ್ತು ಕೂತು ಬರೆಯುವವರು ನಾವು, ಹೆಸರು ಮಾತ್ರ ಪಾತ್ರಕ್ಕೇಕೆ ಹೋಗಬೇಕು? ಈಗಲೂ ಹಾಗೆ ಹೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಆದರೆ ಕೆಲವು ವರ್ಷಗಳ ಹಿಂದೆ ಮಳವಳ್ಳಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದೆ ಇಟ್ಟುಕೊಳ್ಳುವುದೂ ಸರಿಯಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವಳು. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಗಳೆಂದರೆ ನನಗೆ ಪ್ರಾಣ. ದಿಂಬಿನಷ್ಟು ದಪ್ಪ ಪುಸ್ತಕಗಳು, ಒಂದೊಂದರಲ್ಲೂ ಊರಿಗೆ ಊರೇ ಇರುತ್ತದೆ. ನಮ್ಮ ಮಂಡ್ಯ ಸೀಮೆಯ ಬಗ್ಗೆ ಕನ್ನಡದಲ್ಲಿ ಅಂಥದೊಂದನ್ನು ಬರೆಯಬೇಕು ಅನ್ನುವುದು ನನ್ನ ಹಟ. ಈಗ ಅಷ್ಟು ದಪ್ಪದ್ದನ್ನು ಯಾರು ಓದುತ್ತಾರೆ ಮೇಡಂ ಎಂದು ಪ್ರಕಾಶಕರು ಗೊಣಗಿದರು. ನಾನು ಒಂದು ಪುಟವನ್ನೂ ಕಡಿಮೆ ಮಾಡಲಿಲ್ಲ. ಬರೆದ ಹಾಳೆಗಳ ರಾಶಿ ನೋಡಿದರೆ ಎಂಥ ಹೆಮ್ಮೆಯಾಗುತ್ತಿತ್ತೆಂದರೆ, ಅಡಿಗೆಮನೆಗೆ ಹೋಗುವಾಗಲೂ ಒಮ್ಮೆ ಸುಮ್ಮನೆ ಮುಟ್ಟಿ ಹೋಗುತ್ತಿದ್ದೆ.

ಕಾದಂಬರಿಯ ನಾಯಕಿ ಹನಕೆರೆಯ ಚಿಕ್ಕತಾಯಮ್ಮ. ಗಂಡನ ಮನೆಯಿಂದ ತವರಿಗೆ ಬಂದವಳು ಅಣ್ಣನೊಂದಿಗೆ ಜಗಳವಾಗಿ, ಇನ್ನು ಈ ಹೊಸಿಲು ತುಳಿಯುವುದಿಲ್ಲ ಎಂದು ಹೊರಟುಬಿಡುತ್ತಾಳೆ. ನನ್ನ ಪ್ರೀತಿಯ ಇಂಗ್ಲಿಷ್ ನಾಯಕಿಯರು ಮನೆ ಬಿಡುವ ಹಾಗೆಯೇ ಇವಳನ್ನೂ ಹೊರಡಿಸಿದ್ದೆ. ಬೆಳಗಿನ ಮಂಜು, ಕೈಯಲ್ಲೊಂದು ಚೀಲ, ಹಿಂದೆ ತಿರುಗಿ ನೋಡದೆ ರೈಲ್ವೆ ಸ್ಟೇಷನ್ ಕಡೆಗೆ ನಡಿಗೆ. ಬರೆದಾಗ ಬಹಳ ಚೆನ್ನಾಗಿದೆ ಅನ್ನಿಸಿತು. ಆದರೆ ಅಲ್ಲಿಂದ ಮುಂದಕ್ಕೆ ಕಥೆ ಹೋಗಲಿಲ್ಲ. ಸ್ಟೇಷನ್ ಬೆಂಚಿನ ಮೇಲೆ ಕೂತ ಚಿಕ್ಕತಾಯಮ್ಮ ವಾರಗಟ್ಟಲೆ ಕೂತೇ ಇದ್ದಳು. ಏನು ಬರೆದರೂ ರೈಲು ಹತ್ತಲೊಲ್ಲಳು. ಈ ತಿಂಗಳು ಕೊಡದಿದ್ದರೆ ಪುಸ್ತಕದ ಮಾತು ಮರೆತುಬಿಡಿ ಎಂದು ಪ್ರಕಾಶಕರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು. ಅಷ್ಟು ವರ್ಷಗಳ ದುಡಿಮೆ ನೀರುಪಾಲಾಯಿತಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ಓರಗಿತ್ತಿ ಜಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ನಡುಮನೆಯಲ್ಲಿ ಅದೇ ಅಧ್ಯಾಯ ಮುಂದಿಟ್ಟುಕೊಂಡು ಕೂತಿದ್ದೆ. ಒಬ್ಬ ಹೆಂಗಸು ಒಳಗೆ ಬಂದು ನೀರು ಕೇಳಿದಳು. ಹಿಂದೆಂದೂ ಕಂಡವಳಲ್ಲ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿತ್ತು. ನನ್ನ ಚಿಕ್ಕತಾಯಮ್ಮನಿಗೂ ಅಲ್ಲೇ ಒಂದು ಗುರುತು ಇಟ್ಟಿದ್ದೆ. ಕಬ್ಬು ಕಡಿಯುವ ಸೀಮೆಯಲ್ಲಿ ಅಂಥದ್ದು ಯಾರಿಗಾದರೂ ಇರಬಹುದು ಅಂದುಕೊಂಡು ನೀರು ಕೊಟ್ಟೆ. ಕುಡಿದು, ಚೊಂಬು ಕೆಳಗಿಟ್ಟು, ನನ್ನ ಮುಂದೆ ಸೆರಗೊಡ್ಡಿದಳು.

"ಅಣ್ಣನ ಮ್ಯಾಲೆ ಸಿಟ್ಟಿದ್ರೆ ಇರ್ಲಿ ಕಣವ್ವ. ಮನೆ ಮಗಳ್ನ ಬರೀ ಮಡ್ಲಲ್ಲಿ ಕಳಿಸ್ಬುಟ್ರೆ ಅವಳು ಎಂಗೆ ರೈಲು ಅತ್ತಾಳು?"

ತವರಿನಿಂದ ಹೊರಡುವ ಮಗಳಿಗೆ ಮಡಿಲಕ್ಕಿ ಹಾಕದೆ ನಮ್ಮ ಕಡೆ ಯಾರೂ ಕಳಿಸುವುದಿಲ್ಲ, ಎಷ್ಟೇ ಜಗಳವಾಗಿದ್ದರೂ ಸರಿ. ಮಂಜಿನಲ್ಲಿ ಮೈಮರೆತ ನನಗೆ ಅದು ಹೊಳೆದೇ ಇರಲಿಲ್ಲ. ಆದರೆ ಇವಳಿಗೆ ಹೇಗೆ ಗೊತ್ತು? ಆ ಅಧ್ಯಾಯವನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ಇದೆ ನಿಜ, ಅದನ್ನು ಮಾತ್ರ ಹಾಗೆ ಓದಿಕೊಂಡೂ ಇರಲಿಲ್ಲ.

ಅದನ್ನು ಕೇಳುವ ಮೊದಲೇ ಅವಳು ಒಡ್ಡಿದ ಬರೀ ಸೆರಗು ಕಣ್ಣಿಗೆ ಬಿತ್ತು. ಎದ್ದುಹೋಗಿ ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ ತಂದೆ. ಕುಂಕುಮ ಇಟ್ಟು ಅವಳ ಮಡಿಲು ತುಂಬಿದೆ. ನನ್ನ ತವರಿನಲ್ಲೊಂದು ಪದ್ಧತಿಯಿದೆ. ಮಡಿಲು ತುಂಬಿಸಿಕೊಂಡ ಮಗಳು ಒಂದು ಹಿಡಿ ಅಕ್ಕಿಯನ್ನು ಮನೆಗೇ ಬಿಟ್ಟು ಹೋಗಬೇಕು, ತವರು ಬರಿದಾಗಬಾರದೆಂದು. ಯಾರೂ ಹೇಳದೆಯೇ ಅವಳು ಒಂದು ಹಿಡಿ ತೆಗೆದು ನನ್ನ ಹಾಳೆಗಳ ಮೇಲೆ ಹಾಕಿದಳು. "ಬತ್ತೀನಿ ಕಣವ್ವ" ಎಂದು ಹೊರಟಳು.

ನಾನು ಸುಧಾರಿಸಿಕೊಂಡು ಜಗಲಿಗೆ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಜಯಮ್ಮನೇ ನನ್ನನ್ನು ಕೇಳಿದಳು: "ಯಾರಕ್ಕ ಅದು? ಯಾವೂರವ್ವ ಅಂದ್ರೆ, ನಿಮ್ಮಕ್ಕುಂಗೇ ಗೊತ್ತು, ಅವರ್ನೇ ಕೇಳು ಅಂದ್ಬುಟ್ಟು ಅಲಗೂರು ಬಸ್ಸಿಗೆ ಕೈ ಅಡ್ಡ ಆಕಿ ಅತ್ಕೊಂಡೋದ್ಲು."

ಅವತ್ತೇ ಕೂತು ಬರೆದೆ. ಅತ್ತಿಗೆ ಏದುಸಿರು ಬಿಡುತ್ತ ಸ್ಟೇಷನ್ನಿಗೆ ಓಡಿ ಬಂದು, ಪ್ಲಾಟ್‌ಫಾರಂ ಮೇಲೆಯೇ ನಾದಿನಿಯ ಮಡಿಲು ತುಂಬುತ್ತಾಳೆ. ಚಿಕ್ಕತಾಯಮ್ಮ ರೈಲು ಹತ್ತಿದಳು, ಕಥೆ ಓಡಿತು. ಹೇಳಿದ ಹೊತ್ತಿಗೆ ಪುಸ್ತಕ ಮುಗಿಸಿ ಕೊಟ್ಟೆ. ಮಂಡ್ಯದ ಬಿಡುಗಡೆ ಸಮಾರಂಭದ ನಂತರ ಮದ್ದೂರಿನ ಹೆಂಗಸೊಬ್ಬಳು ಫೋನು ಮಾಡಿ, "ಅದ ಓದಿ ಗಳಗಳ ಅತ್ಬುಟ್ಟೆ ಕಣಮ್ಮ, ನಮ್ಮನೇದೇ ಅನ್ನುಸ್ತು" ಎಂದಳು. ನಾನು ಓದಿದ ಅಷ್ಟು ಇಂಗ್ಲಿಷ್ ಕಾದಂಬರಿಗಳ ಯಾವ ಪುಟದಲ್ಲೂ ಇಂಥದ್ದಿಲ್ಲ, ನನ್ನದರಲ್ಲಿದೆ ಎಂದು ಬೀಗಿದೆ. ಈಗಲೂ ಬೀಗುತ್ತೇನೆ.

ಹಲಗೂರಿನಲ್ಲಿ ಬಂಧುಗಳಿದ್ದಾರೆ, ವಿಚಾರಿಸಿದೆ. ಅಂಥವಳನ್ನು ಯಾರೂ ಕಾಣರು. ಮನಸ್ಸಿನ ಭ್ರಮೆ ಎನ್ನೋಣವೆಂದರೆ ಜಯಮ್ಮನೂ ಕಂಡಿದ್ದಾಳೆ, ಮಾತಾಡಿದ್ದಾಳೆ. ಪುಸ್ತಕದ ಮಿಕ್ಕ ಪುಟಗಳೆಲ್ಲ ನನ್ನವೇ ಎಂದು ಆಣೆಯಿಟ್ಟು ಹೇಳಬಲ್ಲೆ. ಆ ಅಧ್ಯಾಯ ನೆನೆದಾಗ ಮಾತ್ರ ನನಗಾಗುವುದು ಮಗಳನ್ನು ಮಡಿಲು ತುಂಬಿ ಕಳಿಸಿಕೊಟ್ಟ ತಾಯಿಯ ಹೆಮ್ಮೆ. ಅವಳು ಯಾರ ಮಗಳೋ, ಇವತ್ತಿಗೂ ನನಗೆ ಗೊತ್ತಿಲ್ಲ.