ಕೆಳಗಿನ ಲೀಗಿನವನಿಗೆ ಮೈಸೂರು ಪೇಟ

ಸನ್ಮಾನದ ಭಾಷಣವನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ನಿವೃತ್ತ ಕಾರಕೂನರೊಬ್ಬರಿಗೆ ಶಾಲು ಹೊದಿಸಿ, ಆಡಳಿತ ಕ್ಷೇತ್ರದ ಧ್ರುವತಾರೆ ಎಂದು ಹೊಗಳಿದ್ದರು. ಎಲ್ಲರೂ ಚಪ್ಪಾಳೆ ಹೊಡೆದರು. ಮರುದಿನ ಬೆಳಿಗ್ಗೆ ಧ್ರುವತಾರೆ ಪಾತ್ರೆ ಹಿಡಿದು ಹಾಲಿಗೆ ಹೊರಟಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಹೊಗಳಿಕೆಯಲ್ಲಿ ಎಷ್ಟನ್ನು ಕಳೆದು ಎಷ್ಟನ್ನು ಉಳಿಸಿಕೊಳ್ಳಬೇಕೆಂಬುದು ನಮಗೆ ಯಾರೂ ಕಲಿಸದೆ ಬಂದ ವಿದ್ಯೆ. ಆ ವಿದ್ಯೆ ಇಲ್ಲದವನೊಬ್ಬನ ತಲೆಯ ಮೇಲೆ ಪೇಟ ಇಟ್ಟು, ಆಮೇಲೆ ಅವನನ್ನೇ ಸುಳ್ಳುಗಾರ ಎಂದರಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆತ ಸರ್ಬಿಯಾದವನು. ನನ್ನ ಹೆಂಡತಿ ಡಾಕ್ಟರಾಗಿರುವ ಆಸ್ಪತ್ರೆಯಲ್ಲಿ, ಅವಳ ವಾರ್ಡಿನಲ್ಲೇ, ಆತನ ಹೆಂಡತಿ ನರ್ಸು. ಇಂಗ್ಲಿಷರ ನಾಡಿನಲ್ಲಿ ನಾವೀಗ ನೆಲೆಸಿರುವ ಕಿಂಗ್ಸ್‌ಬರಿಯಲ್ಲಿ, ನಮ್ಮ ಕನ್ನಡ ಸಂಘದ ಮಕ್ಕಳಿಗೆ ಶನಿವಾರ ಫುಟ್‌ಬಾಲ್ ಹೇಳಿಕೊಡುವವರು ಬೇಕೆಂದಾಗ ನನ್ನ ಹೆಂಡತಿಯೇ ಆತನನ್ನು ಸೂಚಿಸಿದಳು. ವಾರದ ಉಳಿದ ದಿನಗಳಲ್ಲಿ ಆತ ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದ. ಲಿಫ್ಟ್ ಕೆಟ್ಟ ಫ್ಲ್ಯಾಟುಗಳ ಮೆಟ್ಟಿಲು ಹತ್ತಿ ಹತ್ತಿ, ಮೊದಲೇ ಹಾಳಾಗಿದ್ದ ಮೊಣಕಾಲು ಇನ್ನಷ್ಟು ಹಾಳಾಗಿತ್ತು.

ಸಂಘದ ಅಧ್ಯಕ್ಷರು ಆತನನ್ನು ಮೊದಲು ನೋಡಿದ್ದು ನಮ್ಮ ಮನೆಯಲ್ಲಿ. ಬೆಂಗಳೂರಿನವರು, ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಎಲ್ಲಿ ಆಡಿದ್ದೀರಿ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. "ಕೆನಡಾ, ಅಮೆರಿಕ. ಕೆಳಗಿನ ಲೀಗುಗಳು. ಎರಡನೆಯದು, ಮೂರನೆಯದು. ದೊಡ್ಡದೇನಲ್ಲ," ಎಂದ ಆತ. ಅಧ್ಯಕ್ಷರು ಚಕ್ಕುಲಿ ಮುರಿಯುತ್ತಾ ತಲೆಯಾಡಿಸಿದರು.

ನನ್ನ ನೆನಪಿನಲ್ಲಿ ಇದು ಹೀಗಿದೆ. ಆದರೆ ನಾನು ನೆನಪನ್ನು ನಂಬುವವನಲ್ಲ. ಓದಿದ್ದು ಭೌತಶಾಸ್ತ್ರ, ಹೊಟ್ಟೆಪಾಡಿಗೆ ಮಾಡುವುದು ಬೇರೆಯವರ ಅಂದಾಜುಗಳಲ್ಲಿ ತಪ್ಪು ಹುಡುಕುವ ಕೆಲಸ. ಒಂದು ನೆನಪನ್ನು ಹೊರತೆಗೆದು ನೋಡಿದಾಗಲೆಲ್ಲ ಅದರ ಮೇಲೆ ನಮ್ಮದೇ ಬೆರಳಿನ ಗುರುತು ಬೀಳುತ್ತದೆ. ಇದನ್ನೂ ನಾನು ಎಷ್ಟು ಸಲ ತೆಗೆದು ನೋಡಿದ್ದೇನೋ.

ಅಭ್ಯಾಸ ಮುಗಿದ ಮೇಲೆ ಗೋಲ್ ಪೋಸ್ಟುಗಳನ್ನು ಬಿಚ್ಚಿ ಆತನ ವ್ಯಾನಿಗೆ ತುಂಬುವುದು ನನ್ನ ಪಾಲಿನ ಕೆಲಸ. ಆಗ ಆತ ಕಥೆ ಹೇಳುತ್ತಿದ್ದ. ಡ್ಯಾನ್ಯೂಬ್ ನದಿಯ ದಂಡೆಯ ಸಣ್ಣ ಊರಿನಲ್ಲಿದ್ದ ಆತನನ್ನು ಗೆಳೆಯನೊಬ್ಬ ಫೋನ್ ಮಾಡಿ ಟೊರಾಂಟೊಗೆ ಕರೆಸಿಕೊಂಡದ್ದು. ಅಲ್ಲಿಯ ಲೀಗಿನಲ್ಲಿ ಸರ್ಬಿಯನ್ನರಿಗೊಂದು ಕ್ಲಬ್, ಕ್ರೊಯೇಷಿಯನ್ನರಿಗೊಂದು, ಪೋರ್ಚುಗೀಸರಿಗೊಂದು. ಪ್ರತಿ ಮೈದಾನದ ಪಕ್ಕದಲ್ಲಿ ಮಾಂಸ ಸುಡುವ ಒಲೆ, ಹೊಗೆ ಪೆನಾಲ್ಟಿ ಬಾಕ್ಸಿನ ಮೇಲೆ. ಹಗಲು ಮನೆಗಳ ಮಾಡು ರಿಪೇರಿ, ಸಂಜೆ ಮ್ಯಾಚು. "ನಮ್ಮ ಗೋಲ್‌ಕೀಪರ್ ಪ್ಲಂಬರ್. ಯಾರದೋ ಮನೆಯಲ್ಲಿ ಪೈಪ್ ಒಡೆದರೆ ನಮಗೆ ಗೋಲ್‌ಕೀಪರ್ ಇಲ್ಲ," ಎಂದು ನಗುತ್ತಿದ್ದ.

ಚಳಿಗಾಲದಲ್ಲಿ ಗಡಿ ದಾಟಿ ಅಮೆರಿಕದಲ್ಲಿ ಒಳಾಂಗಣ ಆಟ. ಐಸ್‌ಹಾಕಿ ಆಡುವ ಅಂಗಳದ ಮೇಲೆ ಹಸಿರು ಕಾರ್ಪೆಟ್, ಸುತ್ತ ಮರದ ಗೋಡೆ. ಬಾಲು ಹೊರಗೆ ಹೋಗುವುದೇ ಇಲ್ಲ, ಗೋಡೆಗೆ ಬಡಿದು ವಾಪಸ್ ಬರುತ್ತದೆ, ಉಸಿರು ತೆಗೆದುಕೊಳ್ಳಲು ಬಿಡುವಿಲ್ಲ. ಜಾರಿ ಬಿದ್ದರೆ ಕಾರ್ಪೆಟ್ ತೊಡೆಯ ಚರ್ಮವನ್ನೇ ಕೀಳುತ್ತಿತ್ತು. ಆ ಕಲೆಯನ್ನು ಆತ ಮಕ್ಕಳಿಗೆಲ್ಲ ತೋರಿಸಿದ್ದ. ಆಮೇಲೆ ಅಲ್ಲಿಯ ಎರಡನೇ ದರ್ಜೆಯ ಕ್ಲಬ್ಬೊಂದನ್ನು ಸೇರಿದ. ಅವರ ಮೈದಾನ ಹೈಸ್ಕೂಲೊಂದರದು. ಆ ದೇಶದವರು ಕೈಯಲ್ಲಿ ಆಡುವ ಫುಟ್‌ಬಾಲಿನ ಗೆರೆಗಳು ಅಳಿಯದೆ ಉಳಿದಿದ್ದರಿಂದ, ತನ್ನ ಆಟದ ಗೆರೆ ಯಾವುದೆಂದು ಗೊತ್ತಾಗುತ್ತಿರಲಿಲ್ಲ.

ಸೀಸನ್ ನಡುವೆಯೇ ಆ ಕ್ಲಬ್ ಮುಚ್ಚಿತು. ಮ್ಯಾಚ್ ಮುಗಿಸಿ ಬಟ್ಟೆ ಬದಲಿಸುವ ಕೋಣೆಗೆ ಬಂದರೆ ಮಾಲೀಕನ ಕಡೆಯವನೊಬ್ಬ ಕಸದ ಕರಿ ಚೀಲ ಹಿಡಿದು ನಿಂತಿದ್ದ. ಶರ್ಟು ಬಿಚ್ಚಿ ಇದರೊಳಗೆ ಹಾಕಿ, ಅದು ಕ್ಲಬ್ಬಿನ ಆಸ್ತಿ ಎಂದ. ಆತ ಬರಿಮೈಗೆ ಜಾಕೆಟ್ ಹಾಕಿಕೊಂಡು ಬಸ್ಸಿನಲ್ಲಿ ಮೋಟೆಲಿಗೆ ಹೋದ. ಇದು ನಡೆದದ್ದು ಒಹಾಯೊದಲ್ಲೋ ಮಿಷಿಗನ್ನಿನಲ್ಲೋ ಎಂದು ಕೇಳಿದರೆ ನನ್ನ ನೆನಪು ಎರಡಕ್ಕೂ ಹೌದು ಎನ್ನುತ್ತದೆ. ಕರಿ ಚೀಲದ ಬಗ್ಗೆ ಮಾತ್ರ ಅದಕ್ಕೆ ಸಂಶಯವಿಲ್ಲ.

ಆ ವರ್ಷದ ರಾಜ್ಯೋತ್ಸವ ವೆಂಬ್ಲಿಯ ಒಂದು ಸ್ಕೂಲ್ ಹಾಲಿನಲ್ಲಿ. ಕೋಚ್‌ಗೆ ಸನ್ಮಾನ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಜರಿಯಂಚಿನ ಮೈಸೂರು ಪೇಟ. ಅಧ್ಯಕ್ಷರು ಕನ್ನಡದಲ್ಲಿ ಮಾತು ಶುರು ಮಾಡಿದರು. ತಾಯ್ನಾಡಿನ ರಾಷ್ಟ್ರೀಯ ತಂಡಕ್ಕೆ ಆಡಿ ಕೀರ್ತಿ ತಂದವರು, ಅಮೆರಿಕದ ಅತ್ಯುನ್ನತ ಲೀಗುಗಳಲ್ಲಿ ಮಿಂಚಿದ ಮಹಾನ್ ಕ್ರೀಡಾಪಟು, ವಿಶ್ವಕಪ್ಪಿನ ಅನುಭವವನ್ನು ನಮ್ಮ ಕಂದಮ್ಮಗಳಿಗೆ ಧಾರೆ ಎರೆಯುತ್ತಿರುವ ಗುರು. ವೇದಿಕೆಯ ಮೇಲೆ ಆತ, ಕಣ್ಣಿನವರೆಗೆ ಜಾರಿದ ಪೇಟವನ್ನು ಬೆರಳಿನಿಂದ ಮೇಲೆತ್ತುತ್ತಾ, ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟುತ್ತಿದ್ದ.

ಪಕ್ಕದಲ್ಲಿದ್ದ ನನ್ನ ಮಗಳು, "ಅಪ್ಪಾ, ದಟ್ಸ್ ನಾಟ್ ಈವನ್ ಟ್ರೂ," ಎಂದಳು.

"ಸನ್ಮಾನ ಅಂದ್ರ ಹಂಗs ಇರ್ತದವಾ," ಎಂದೆ.

ಅಲ್ಲಿಗೇ ಮುಗಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಧ್ಯಕ್ಷರಿಗೆ ತಮ್ಮ ಭಾಷಣ ಎಷ್ಟು ಹಿಡಿಸಿತೆಂದರೆ, ಅದನ್ನೇ ಇಂಗ್ಲಿಷಿಗೆ ತಿರುಗಿಸಿ, ಪೇಟ ತೊಟ್ಟ ಕೋಚಿನ ಫೋಟೊ ಹಾಕಿ, ಹೊಸ ಮಕ್ಕಳನ್ನು ಸೇರಿಸಿಕೊಳ್ಳಲು ಪೋಸ್ಟರ್ ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಹಂಚಿದರು. ಕನ್ನಡದಲ್ಲಿ ಶಾಲಿನಂತೆ ಹೊದಿಸಿದ್ದ ಮಾತು ಇಂಗ್ಲಿಷಿನಲ್ಲಿ ಶುದ್ಧ ಸುಳ್ಳಾಗಿ ನಿಂತಿತು. ಪೋಸ್ಟರ್ ನೋಡಿ ಮಗನನ್ನು ಸೇರಿಸಿದ ಕನ್ನಡದವರಲ್ಲದ ತಂದೆಯೊಬ್ಬರು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಈ ಮನುಷ್ಯ ಯಾವ ರಾಷ್ಟ್ರೀಯ ತಂಡಕ್ಕೂ ಆಡಿಲ್ಲವಲ್ಲ ಎಂದು ಗುಂಪಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಅದೇ ಹೊತ್ತಿಗೆ ಆತ ಒಂದು ಶಾಲೆಯಲ್ಲಿ ಪೂರ್ಣಾವಧಿ ಫುಟ್‌ಬಾಲ್ ಕೋಚ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಸಿಕ್ಕಿದರೆ ಪಾರ್ಸೆಲ್ಲೂ ಇಲ್ಲ, ಮೆಟ್ಟಿಲೂ ಇಲ್ಲ. ಸಂದರ್ಶನ ಚೆನ್ನಾಗಿ ಆಗಿತ್ತು. ಉಳಿದದ್ದು ಒಂದೇ: ಈತ ಮಕ್ಕಳಿಗೆ ಕಲಿಸಿದ್ದಾನೆ, ನಂಬಬಹುದಾದ ಮನುಷ್ಯ ಎಂದು ನಮ್ಮ ಸಂಘ ಬರೆದುಕೊಡಬೇಕಿತ್ತು.

ಸಮಿತಿ ಸಭೆ ಕರೆಯಿತು. ಭಾನುವಾರ ಬೆಳಿಗ್ಗೆ, ಸಮುದಾಯ ಭವನದ ಹಿಂದಿನ ಕೋಣೆ. ಆತನನ್ನು ಸೂಚಿಸಿದವರೆಂದು ನನ್ನನ್ನೂ ಹೆಂಡತಿಯನ್ನೂ ಕರೆದಿದ್ದರು. ಆತ ಕಿಟ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಂದಿದ್ದ.

ಅಧ್ಯಕ್ಷರು ಇಂಗ್ಲಿಷಿನಲ್ಲಿ, ತುಂಬ ಮೆತ್ತಗೆ, "ನೀವು ಹೇಳಿದ್ದನ್ನೇ ನಾವು ಹಾಕಿದ್ದು," ಎಂದರು.

"ನಾನಾ? ಯಾವಾಗ?" ಎಂದ ಆತ.

ನಾನು ಎದ್ದು ನಿಂತೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಧಾರವಾಡ ಬಿಟ್ಟು ಬೇರೇನೂ ಬರುವುದಿಲ್ಲ. "ಸುಳ್ಳ ಹೇಳಬ್ಯಾಡ್ರಿ. ನಮ್ಮ ಮನ್ಯಾಗ ಕೂತು, ಕೆಳಗಿನ ಲೀಗು ಅಂತ ಸ್ಪಷ್ಟ ಹೇಳ್ಯಾರ. ಚಕ್ಕುಲಿ ತಿನಕೋತ ನೀವs ಕೇಳಿದ್ರಿ."

"ಏನ್ ಸಾರ್ ನೀವು! ಚಕ್ಕುಲಿ ಎಲ್ಲಿತ್ತು? ಮೇಡಂ ಮಂಡಕ್ಕಿ ಗಿರ್ಮಿಟ್ ಮಾಡಿದ್ರು. ನಾನು ಎರಡು ಸಲ ಹಾಕಿಸ್ಕೊಂಡೆ."

ನಾನು ಹೆಂಡತಿಯ ಮುಖ ನೋಡಿದೆ. "ಗಿರ್ಮಿಟ್ಟs ರೀ," ಎಂದಳು ಅವಳು ಸಣ್ಣಗೆ.

ಕೋಣೆ ನಕ್ಕಿತು. "ತಿಂದಿದ್ದೇ ಜ್ಞಾಪಕ ಇಲ್ಲ, ಮಾತಾಡಿದ್ದು ಹೆಂಗೆ ಸಾರ್ ಜ್ಞಾಪಕ ಇರುತ್ತೆ?" ಎಂದರು ಅಧ್ಯಕ್ಷರು. ಚಕ್ಕುಲಿಯನ್ನು ನಾನು ಕಂಡಿದ್ದೆ, ಅದು ಮುರಿದ ಸದ್ದನ್ನೂ ಕೇಳಿದ್ದೆ. ಇಲ್ಲದ ಚಕ್ಕುಲಿಯನ್ನು ಅಷ್ಟು ಸ್ಪಷ್ಟವಾಗಿ ಕಂಡವನು ಆತನ ಮಾತನ್ನೂ ಕಟ್ಟಿಕೊಂಡಿರಬಹುದಲ್ಲ?

ಹೆಂಡತಿ ನಗಲಿಲ್ಲ. "ಅಧ್ಯಕ್ಷರs, ತಿಂದದ್ದು ನಿಮಗ ಇಷ್ಟ ಛಲೋ ನೆನಪದ ಅಂದ್ರ, ಅವ್ರು ಹೇಳಿದ್ದೂ ನೆನಪಿರಬೇಕಲ್ರಿ? ಗಿರ್ಮಿಟ್ ಬಡಿಸಿದಾಕಿ ನಾನು. ಎರಡನೇ ಸಲ ಹಾಕುವಾಗ ನೀವು ನನಗ ಏನಂದ್ರಿ? ಸಣ್ಣ ಲೀಗಾದ್ರ ಏನಾತು ಮೇಡಂ, ನಮ್ಮ ಹುಡುಗ್ರಿಗೆ ಸಾಕು, ಅಂದ್ರಿ."

ಅಧ್ಯಕ್ಷರು ಕೋಚಿನ ಕಡೆ ಒಮ್ಮೆ ನೋಡಿ, ಕನ್ನಡದಲ್ಲೇ ಮುಂದುವರಿಸಿದರು. "ಮೇಡಂ, ಸಂಘದ ಮರ್ಯಾದೆ ಪ್ರಶ್ನೆ. ನಾವೇ ಬರ್ಕೊಂಡ್ವಿ ಅಂದ್ರೆ ನಾಳೆ ನಮಗೆ ಹಾಲ್ ಯಾರು ಕೊಡ್ತಾರೆ? ಇವರದ್ದೇನು, ಹೊರಗಿನವರು. ಬೇಜಾರು ಮಾಡ್ಕೊಳಲ್ಲ ಬಿಡಿ."

ವೇದಿಕೆಯ ಮೇಲೆ ಮಾಡಿದ್ದನ್ನೇ ಇಲ್ಲಿಯೂ ಮಾಡುತ್ತಿದ್ದರು. ಆತನೆದುರೇ, ಆತನ ಬಗ್ಗೆ, ಆತನಿಗೆ ತಿಳಿಯದ ಭಾಷೆಯಲ್ಲಿ. ಅಂದು ಏರಿಸಲು ಬಳಸಿದ ಕನ್ನಡ, ಇಂದು ತಳ್ಳಲು. ನನ್ನ ಭಾಷೆಯನ್ನು ಹೀಗೆ ಬಾಗಿಲ ಚಿಲಕದಂತೆ ಬಳಸಿದ್ದನ್ನು ನಾನು ಕ್ಷಮಿಸಲಾರೆ. ಅವರು ಹೇಳಿದ್ದನ್ನೆಲ್ಲ, ಹೊರಗಿನವರು ಎಂಬುದನ್ನೂ ಬಿಡದೆ, ಜೋರಾಗಿ ಇಂಗ್ಲಿಷಿನಲ್ಲಿ ಹೇಳಿದೆ.

ಆತ ಕಿಟ್ ಬ್ಯಾಗಿನ ಜಿಪ್ ಎಳೆದ. ಬೂಟುಗಳ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ, ಪೇಟವಿತ್ತು. ಸಮಿತಿಯ ಸಭೆ ಎಂದ ಮೇಲೆ ಇದನ್ನು ತೊಡಬೇಕಾಗಬಹುದೆಂದು ತಂದಿದ್ದನಂತೆ. ತೆಗೆದು ಮೇಜಿನ ಮೇಲಿಟ್ಟ.

"ಅಲ್ಲಿ ಕ್ಲಬ್ ಸತ್ತಿತು, ಶರ್ಟು ವಾಪಸ್ ಕೇಳಿದರು. ಇಲ್ಲಿ ಕ್ಲಬ್ ಚೆನ್ನಾಗಿದೆ. ಟೋಪಿ ವಾಪಸ್ ಬೇಕಾ?"

"ಛೆ ಛೆ, ಅದು ನಿಮಗೆ ಕೊಟ್ಟ ಗೌರವ," ಎಂದರು ಅಧ್ಯಕ್ಷರು.

"ಹಾಗಾದರೆ ಆ ಗೌರವವನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ. ಸ್ಕೂಲಿನವರಿಗೆ ಟೋಪಿ ಅರ್ಥವಾಗುವುದಿಲ್ಲ."

ಬರೆದುಕೊಟ್ಟರು. ಈ ವ್ಯಕ್ತಿ ಕೆಲವು ಶನಿವಾರ ನಮ್ಮ ಮಕ್ಕಳ ಆಟದ ಮೇಲ್ವಿಚಾರಣೆ ಮಾಡಿದ್ದಾರೆ, ಅಷ್ಟೆ. ಒಂದು ವಿಶೇಷಣವಿಲ್ಲ. ಹಾಲಿನ ಪಾತ್ರೆ ಹಿಡಿದವನನ್ನು ಧ್ರುವತಾರೆ ಮಾಡುವ ಜನಕ್ಕೆ, ಬೇಕಾದ ದಿನ, 'ಒಳ್ಳೆಯ' ಎಂಬ ಒಂದು ಪದ ಸಿಗಲಿಲ್ಲ. ಗುಂಪಿನಲ್ಲಿ ಮಾಹಿತಿಯ ಗೊಂದಲಕ್ಕೆ ವಿಷಾದಿಸುತ್ತೇವೆ ಎಂದು ಹಾಕಿದರು. ಗೊಂದಲ ಯಾರದೆಂದು ಹಾಕಲಿಲ್ಲ.

ಶಾಲೆಯ ಕೆಲಸ ಬೇರೆಯವರಿಗೆ ಹೋಯಿತು. ಆ ಪತ್ರದಿಂದಲೇ ಹೋಯಿತೆಂದು ನಾನು ಸಾಧಿಸಲಾರೆ. ಹೆಚ್ಚು ಯೋಗ್ಯರು ಯಾರೋ ಬಂದಿರಬಹುದು. ಬೇರೆ ಯಾವ ವಿಷಯದಲ್ಲಾದರೂ ಇಷ್ಟು ಸಂಶಯ ಸಾಕು, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಇದರಲ್ಲಿ ಆಗುತ್ತಿಲ್ಲ. ಅಂದು ತಿಂದದ್ದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡೆ, ರಾಜ್ಯದ ಹೆಸರು ಕಲಸಿಕೊಂಡೆ. ಆದರೆ ಆತ ತಾನಿದ್ದದ್ದಕ್ಕಿಂತ ಒಂದು ಅಂಗುಲ ಎತ್ತರವಾಗಿ ನನ್ನೆದುರು ಯಾವತ್ತೂ ನಿಂತಿಲ್ಲ.

ಈಗ ಆತ ಕೌನ್ಸಿಲ್ಲಿನ ಪಾರ್ಕೊಂದರಲ್ಲಿ ಕಲಿಸುತ್ತಾನೆ. ನಮ್ಮ ಮಗಳು ಮತ್ತು ಇನ್ನಷ್ಟು ಮಕ್ಕಳು ಸಂಘ ಬಿಟ್ಟು ಅಲ್ಲಿಗೆ ಹೋಗುತ್ತಾರೆ. ವಾರವಿಡೀ ಈಗಲೂ ವ್ಯಾನೇ. ಮೊನ್ನೆ ಮೈಸೂರಿನ ಕಡೆಯ ತಾಯಿಯೊಬ್ಬರು ಮಗನನ್ನು ಕರೆತಂದು, "ಕೋಚ್ ಎಲ್ಲಿ ಆಡ್ತಿದ್ರಂತೆ?" ಎಂದು ನನ್ನನ್ನು ಕೇಳಿದರು. ಆತ ಅಲ್ಲೇ ನಿಂತು ಬಾಲಿಗೆ ಗಾಳಿ ಹಾಕುತ್ತಿದ್ದ. ನಾನು ಬೇಕೆಂದೇ ಇಂಗ್ಲಿಷಿನಲ್ಲಿ, ಆತನಿಗೂ ಕೇಳಿಸುವಂತೆ, "ಕೆನಡಾ ಮತ್ತು ಅಮೆರಿಕದಲ್ಲಿ, ಎರಡನೇ ದರ್ಜೆಯ ಲೀಗುಗಳಲ್ಲಿ," ಎಂದೆ.

ಆತ ಪಂಪು ನಿಲ್ಲಿಸಿ ತಲೆಯೆತ್ತಿದ.

"ಮೂರನೆಯದನ್ನೂ ಹೇಳು," ಎಂದ.