ದೊಡ್ಡಪ್ಪ ಬರೆದುಕೊಟ್ಟ ಕಣ್ಣು

ಕಾಫಿ ಕುಯ್ಲಿನಲ್ಲಿ ರೋಬಸ್ಟಾ ಗಿಡದ ಕೊಂಬೆಯೊಂದು ರಪ್ಪನೆ ನನ್ನ ಎಡಗಣ್ಣಿಗೆ ಬಡಿಯಿತು. ಡಾಕ್ಟರ ಹತ್ತಿರ ಹೊರಟವನನ್ನು ತಡೆದದ್ದು ನಮ್ಮ ದೊಡ್ಡಪ್ಪ. ಇಂಗ್ಲಿಷ್ ಔಷಧಿ ಕಣ್ಣಿಗೆ ಉಷ್ಣವಂತೆ. ನಂದಿಬಟ್ಟಲು ಹೂವಿನ ರಸ ಹಿಂಡಿದ್ದೇ ಹಿಂಡಿದ್ದು. ಕಣ್ಣು ತಂಪಾಯಿತು, ಇಲ್ಲವೆನ್ನುವುದಿಲ್ಲ. ಕೀವಾಗಿ, ಹುಣ್ಣು ಮಾಗಿ, ಕರಿಗುಡ್ಡೆಯ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಕಲೆ ಕೂತ ಮೇಲೆ ಪೂರ್ತಿ ತಂಪಾಯಿತು.

ಮೈಸೂರಿನ ಕಣ್ಣಿನ ಡಾಕ್ಟರು ಆಗಷ್ಟೇ ವಿದೇಶದ ಸಮ್ಮೇಳನ ಮುಗಿಸಿ ಬಂದಿದ್ದರು. ಅಲ್ಲೆಲ್ಲ ಇಡೀ ಕಾರ್ನಿಯಾ, ಅಂದರೆ ಕರಿಗುಡ್ಡೆ ಮೇಲಿನ ಗಾಜಿನಂಥ ಪರೆ, ಬದಲಿಸುವುದು ಈಗ ಕಡಿಮೆಯಂತೆ, ಕೆಟ್ಟ ಪದರವನ್ನಷ್ಟೇ ಈರುಳ್ಳಿ ಸಿಪ್ಪೆ ಹಾಗೆ ತೆಗೆದು ಹೊಸದು ಕೂರಿಸುತ್ತಾರಂತೆ. ಜೀವಕೋಶ ಬೆಳೆಸಿ ಸೂಜಿಯಲ್ಲಿ ಬಿಡುವುದೂ ಶುರುವಾಗಿದೆಯಂತೆ. ದಾನದ ಕಣ್ಣು ಹೆಚ್ಚಿಗೆ ಸಿಗುವ ದೇಶದವರು ಇಲ್ಲದ ದೇಶಕ್ಕೆ ವಿಮಾನದಲ್ಲಿ ಕಳಿಸುತ್ತಾರಂತೆ. ಬಾಯಿ ಬಿಟ್ಟುಕೊಂಡು ಕೇಳಿದೆ. ಇದರಲ್ಲಿ ನನಗೆ ಯಾವುದು ಅಂದದ್ದಕ್ಕೆ, ನಿಮ್ಮ ಕಲೆ ಆಳಕ್ಕಿಳಿದಿದೆ, ಇಡೀ ಕಾರ್ನಿಯಾನೇ ಬೇಕು, ಆದರೆ ಯಾರಾದರೂ ಕೊಡಬೇಕಲ್ಲ ಅಂದರು. ನನ್ನ ಹೆಸರು ಕಣ್ಣಿಗೆ ಕಾಯುವವರ ಸಾಲಿನಲ್ಲಿ ಬಿತ್ತು.

ಈ ಸುದ್ದಿ ಕೇಳಿದ್ದೇ ತಡ, ದೊಡ್ಡಪ್ಪ ನೇತ್ರದಾನದ ಭಾಷಣಕಾರರಾದರು. ಕೊಡ್ಲಿಪೇಟೆಯ ಶಿಬಿರದಲ್ಲಿ ಮೊದಲ ಸಹಿ ಅವರದೇ. ನನ್ನನ್ನು ವೇದಿಕೆ ಹತ್ತಿಸಿ, ಗದ್ದ ಹಿಡಿದು ಬಿಳಿ ಕಣ್ಣನ್ನು ಜನರ ಕಡೆ ತಿರುಗಿಸಿ, "ಮಣ್ಣಿಗೆ ಹೋಗೋ ಕಣ್ಣು ಇಂಥವರಿಗೆ ಹೋಗಲಿ" ಅಂದರು. ಚಪ್ಪಾಳೆಯೋ ಚಪ್ಪಾಳೆ. ನಂದಿಬಟ್ಟಲಿನ ವಿಚಾರ ಮಾತ್ರ ಭಾಷಣದಲ್ಲಿ ಬರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಪ್ಪ ತೀರಿಕೊಂಡರು. ಕಣ್ಣಿನ ಬ್ಯಾಂಕಿಗೆ ನಾನೇ ಫೋನ್ ಮಾಡಿದೆ. ಜೀವ ಹೋದ ಆರು ಗಂಟೆಯೊಳಗೆ ತೆಗೆಯಬೇಕು ಅಂತ ಹೇಳಿ ಅವರು ಹಾಸನದಿಂದ ಬೇಗನೇ ಬಂದುಬಿಟ್ಟರು. ಬೇಡ ಅಂತ ಮನೆಯಲ್ಲಿ ಒಬ್ಬರೂ ಅನ್ನಲಿಲ್ಲ. ನಮ್ಮ ಕಡೆ ಹಾಗೆಲ್ಲ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. ಮಗಳು ಬರಲಿ ಅಂದರು. ಬಂದಳು. ಅಳಿಯ ಬರಲಿ ಅಂದರು. ಅವನೂ ಬಂದ. ಮಠದ ಸ್ವಾಮಿಗಳನ್ನು ಒಂದು ಮಾತು ಕೇಳೋಣ ಅಂದರು. ಅಷ್ಟರಲ್ಲಿ ಬ್ಯಾಂಕಿನವರಿಗೆ ಪಕ್ಕದ ಮನೆಯಿಂದ ಉಪ್ಪಿಟ್ಟು ಬಂತು, ಕಾಫಿ ಬಂತು, ಮತ್ತೆ ಕಾಫಿ ಬಂತು. ನಾನು ಗಡಿಯಾರ ತೋರಿಸಿದೆ. ಅಳಿಯ ನನ್ನ ಬಿಳಿ ಕಣ್ಣನ್ನೇ ನೋಡುತ್ತಾ, "ನಿನ್ನ ಅವಸರ ಅರ್ಥ ಆಗುತ್ತೆ ಬಿಡಪ್ಪ" ಅಂದ. ಅದು ನನಗೇ ಬರುವುದಿಲ್ಲ, ಮುಂದಿರುವವರಿಗೆ ಹೋಗುತ್ತೆ, ಸಾಲು ಒಂಚೂರು ಸರಿಯುತ್ತೆ ಅಷ್ಟೇ ಅಂತ ಬಿಡಿಸಿ ಹೇಳಿದೆ. ಕೇಳುವವರು ಯಾರು? ಹೊತ್ತು ಮೀರಿತು. ಬ್ಯಾಂಕಿನವರು ಕೈಮುಗಿದು ಬರಿಗೈಯಲ್ಲಿ ಹೋದರು.

ನಮ್ಮಲ್ಲಿ ಹೋದವರನ್ನು ಕೂರಿಸಿ ಸಮಾಧಿ ಮಾಡುವುದು. ಎಡ ಅಂಗೈಯಲ್ಲಿ ಇಷ್ಟಲಿಂಗ, ನೋಟ ಅದರ ಮೇಲೆ. ಗುಂಡಿಗೆ ಇಳಿಸಿದ ಮೇಲೆ ದೊಡ್ಡಮ್ಮನಿಗೆ ಕನ್ನಡಕ ನೆನಪಾಯಿತು. ಅದಿಲ್ಲದೆ ಅವರಿಗೆ ಲಿಂಗ ಹೇಗೆ ಕಾಣುತ್ತೆ ಅಂತ ಅಳತೊಡಗಿದರು. ಅಳಿಯ ಮನೆಗೆ ಓಡಿ ತಂದ. ಇದಕ್ಕೆ ಯಾರೂ ಸ್ವಾಮಿಗಳನ್ನು ಕೇಳಲಿಲ್ಲ. ಗುಂಡಿಯೊಳಗೆ ದೊಡ್ಡಪ್ಪನ ಭುಜ ಹಿಡಿದು ನಿಂತಿದ್ದವನು ನಾನು, ಕನ್ನಡಕ ನನ್ನ ಕೈಗೇ ಬಂತು. ಗಾಜು ಒರೆಸಿ ಹಾಕಿದೆ.

"ಸರಿಯಾಗಿ ಕೂತಿದೆಯಾ ನೋಡು ಮಗ," ದೊಡ್ಡಮ್ಮ ಮೇಲಿನಿಂದ ಕೇಳಿದರು. "ಓರೆ ಆಗಿಲ್ಲ ತಾನೆ?"

ಎಡಗಣ್ಣು ಮುಚ್ಚಿಕೊಂಡು ನೋಡಿದೆ. ನೆಟ್ಟಗಿದೆ ಅಂದೆ. ಮೇಲಿದ್ದವರು ಕೈಕೊಟ್ಟು ನನ್ನನ್ನು ಮೇಲಕ್ಕೆ ಎಳೆದುಕೊಂಡರು, ಮಣ್ಣು ಹಾಕಿದರು.