ಸೋಮವಾರದ ಮಾತ್ರೆ

ನಾಗರಿಕತೆಗಳೆಲ್ಲ ನದೀತೀರದಲ್ಲಿ ಹುಟ್ಟಿದವೆಂದು ಚರಿತ್ರೆ ಮೇಷ್ಟ್ರಾಗಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದ್ದೇನೆ. ನಂಗಲಿ ಕಡೆಯ ನಮ್ಮ ಹೈಸ್ಕೂಲಿನ ನಾಗರಿಕತೆ ಮಾತ್ರ ಗೇಟಿನೆದುರಿನ ಟೀ ಅಂಗಡಿಯಲ್ಲಿ ಹುಟ್ಟಿ ಅಲ್ಲೇ ಬೆಳೆಯುತ್ತಿತ್ತು.

ಅದರ ಮೇಲೆ ಯುದ್ಧ ಸಾರಿದವರು ನಮ್ಮ ಬಿಸಿಯೂಟದ ಅಡುಗೆಯಮ್ಮ. ಸಾರಿನ ಹಬೆಗೆ ಮಂಜಾಗುವ ಕನ್ನಡಕವನ್ನು ಹಣೆಗೇರಿಸಿ, ಕಣ್ಣು ಕಿರಿದು ಮಾಡಿಕೊಂಡು ಬಡಿಸುತ್ತಿದ್ದರು. ತಟ್ಟೆ ಹಿಡಿದ ಮಕ್ಕಳನ್ನು ಬೆಳಗ್ಗೆ ಏನು ತಿಂದೆ ಎಂದಲ್ಲ, ಏನು ಕುಡಿದೆ ಎಂದು ಕೇಳುವುದು ಅವರ ಪದ್ಧತಿ. ಟೀ ಎಂದವರಿಗೂ ಬಣ್ಣದ ಬಾಟಲಿ ಎಂದವರಿಗೂ ಸಾರಿನ ಜೊತೆ ಬೈಗುಳ. ಅಂಬಲಿ ಎಂದವರಿಗೆ ಒಂದು ಸೌಟು ಹೆಚ್ಚು. ಸುಳ್ಳು ಹೇಳಿದವರಿಗೂ ಹೆಚ್ಚೇ ಸಿಗುತ್ತಿತ್ತು. "ಸುಳ್ಳು ಹೇಳೋಕಾದ್ರೂ ಅಂಬಲಿ ನೆನಪಾಯ್ತಲ್ಲ" ಎನ್ನುತ್ತಿದ್ದರು.

ಸೋಮವಾರ ಊಟವಾದ ಮೇಲೆ ಕಬ್ಬಿಣಾಂಶದ ಮಾತ್ರೆ ನುಂಗಿಸುವ ಘನಕಾರ್ಯ ನನ್ನದು. ವಾಸನೆಗೆ ಮಕ್ಕಳು ಮುಖ ಸಿಂಡರಿಸುತ್ತಿದ್ದರು. ನಾನು ಸ್ಟಾಫ್ ರೂಮಿನ ದೊಡ್ಡ ಫ್ಲಾಸ್ಕಿನಿಂದ ಒಂದೊಂದು ಗುಟುಕು ಟೀ ಕೊಡುವ ಉಪಾಯ ಕಂಡುಹಿಡಿದೆ. ಒಂದು ಮಾತ್ರೆಯೂ ಕಿಟಕಿಯಾಚೆ ಬೀಳಲಿಲ್ಲ. ಸನ್ಮಾನದ ಶಾಲು ಯಾವ ಬಣ್ಣದ್ದಿರಬಹುದೆಂದೂ ಯೋಚಿಸಿದ್ದೆ.

ಆ ವರ್ಷ ನಮ್ಮ ಹುಡುಗಿಯರ ಕಬಡ್ಡಿ ತಂಡ ಮೊದಲ ಸಲ ಜಿಲ್ಲಾ ಮಟ್ಟಕ್ಕೇರಿತು. ಶಾಲೆಗೆ ಶಾಲೆಯೇ ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಆರೋಗ್ಯ ತಪಾಸಣೆ ಬಂತು. ತಂಡದ ಪ್ರಾಣವಾಗಿದ್ದ ಒಂಬತ್ತನೆಯ ತರಗತಿಯ ಹುಡುಗಿಗೆ ರಕ್ತ ಕಡಿಮೆ. ಎರಡು ತಿಂಗಳು ದಿನವೂ ಮಾತ್ರೆ, ಆಮೇಲೆ ಮತ್ತೆ ಪರೀಕ್ಷೆ, ಆಗಲೂ ಏರದಿದ್ದರೆ ಆಟವಿಲ್ಲ ಎಂದರು ಡಾಕ್ಟರು. ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಒಂದು ಸೋಮವಾರವೂ ತಪ್ಪಿಸಿಲ್ಲವೆಂದು ಅತ್ತಳು. ಮಾತ್ರೆಯನ್ನು ಯಾವುದರ ಜೊತೆ ನುಂಗಿದೆ ಎಂದು ಅಡುಗೆಯಮ್ಮ ಕೇಳಿದರು. ಅವಳು ಹೇಳಿದಳು.

ಸೌಟು ಹಿಡಿದೇ ಸ್ಟಾಫ್ ರೂಮಿಗೆ ಬಂದರು.

"ಮಾತ್ರೆ ಮೇಲೆ ಟೀ ಕೊಡ್ತೀರಂತೆ ಮೇಷ್ಟ್ರೇ? ರಾಗಿ ಬಿತ್ತಿ, ಹಿಂದೇನೇ ಕೋಳಿ ಬಿಟ್ಟಂಗಾಯ್ತು. ಟೀ ಬಿದ್ರೆ ಆ ಕಬ್ಬಿಣ ಮೈಗೆ ಹತ್ತಲ್ಲ. ನನ್ನ ಮಗಳು ಬಸುರಿ ಇದ್ದಾಗ ನರ್ಸಮ್ಮ ಬಾಯ್ ಬಾಯ್ ಬಡ್ಕೊಂಡಿದ್ರು."

ನಾನು ಓದಿದ ಯಾವ ಪುಸ್ತಕದಲ್ಲೂ ಅದು ಇಲ್ಲವಲ್ಲ ಎಂದು ಗಂಭೀರವಾಗಿ ನುಡಿದೆ.

"ಇಲ್ದಿದ್ರೆ ಬರ್ಕೊಳಿ" ಎಂದು ಫ್ಲಾಸ್ಕು ಎತ್ತಿಕೊಂಡು ಹೋದರು.

ಅಂದಿನಿಂದ ಮಾತ್ರೆಗೆ ಅವರೇ ಹಿಂಡಿದ ನಿಂಬೆಹಣ್ಣಿನ ಪಾನಕ. ಆ ಹುಡುಗಿಗೆ ಬೆಳಗಿನ ಟೀ ಬನ್ನಿನ ಬದಲು ರಾಗಿ ಅಂಬಲಿ. ಲೋಟ ಬರಿದಾಗುವವರೆಗೆ ಎದುರಿಗೇ ನಿಂತಿರುತ್ತಿದ್ದರು. ಮರುಪರೀಕ್ಷೆಯ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಯಾರೂ ದೂರಲಿಲ್ಲ. ರಕ್ತ ಏರಿದೆಯೆಂಬ ಸುದ್ದಿ ಬಂದಾಗ ನಮ್ಮ ಹೆಡ್‌ಮಾಸ್ಟರು, ನಗುವುದನ್ನೇ ಮರೆತಿದ್ದ ಮನುಷ್ಯ, ಅವಧಿಗೆ ಮುನ್ನವೇ ಗಂಟೆ ಹೊಡೆಸಿದರು.

ಅಡುಗೆಯಮ್ಮ ತೀರಿಕೊಂಡು ಎರಡು ವರ್ಷವಾಯಿತು. ಒಲೆ ಬಿಟ್ಟು ಬರಲಾಗದೆಂದು ಅವರು ಆ ವರ್ಷದ ಜಿಲ್ಲಾ ಪಂದ್ಯ ನೋಡಲು ಕೋಲಾರಕ್ಕೆ ಬಂದಿರಲಿಲ್ಲ. ಹುಡುಗಿ ಆಡಿದಳು. ಶ್ರೀನಿವಾಸಪುರದವರ ಮೇಲೆ ಮೂರು ಪಾಯಿಂಟಿನಿಂದ ಗೆದ್ದೆವು.